ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೂ ಬರೆದಿಡಿ

ವರ್ಷವಿಡೀ ಓದಿದ ಪುಸ್ತಕಗಳ ಹೆಸರು ಬರೆದಿಟ್ಟಿದ್ದೀರಿ, ಆದರೆ ಪಟ್ಟಿ ನೋಡಿದರೆ ಏನೂ ಹೊಳೆಯುತ್ತಿಲ್ಲ, ಇನ್ನೇನು ಬರೆಯಬೇಕು ಅಂತ ಕೇಳಿದ್ದೀರಿ. ಶುರು ಮಾಡಿದ ದಿನ, ಮುಗಿಸಿದ ದಿನ ಎರಡನ್ನೂ ಬರೆಯಿರಿ. ಅಷ್ಟರಿಂದಲೇ ಎಷ್ಟೋ ಗೊತ್ತಾಗುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ. ನನ್ನ ನೋಟ್‌ಬುಕ್‌ನಲ್ಲಿ ಜುಲೈ ತಿಂಗಳಿಗೇ ಎರಡು ಪುಟ ತುಂಬಿವೆ. ಹೊರಗೆ ಜಡಿಮಳೆ, ಕರೆಂಟಿಲ್ಲ, ಸಿಗ್ನಲ್ಲೂ ಇಲ್ಲ. ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಓದಿದ್ದೇ ಓದಿದ್ದು. ಡಿಸೆಂಬರ್ ಮಾತ್ರ ಖಾಲಿ. ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಸಾಕಾಗಿರುತ್ತದೆ. ಓದೋ ಆಸೆಯೇ ಹೋಯ್ತು ಅಂತ ಬೇಜಾರು ಮಾಡಿಕೊಂಡಿದ್ದೆ. ದಿನಾಂಕಗಳನ್ನು ನೋಡಿದ ಮೇಲೆ ಸಮಾಧಾನ ಆಯಿತು.

ಒಟ್ಟು ಎಷ್ಟು ಅನ್ನೋ ಲೆಕ್ಕವನ್ನು ಜಾಸ್ತಿ ನಂಬಬೇಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. ಅದನ್ನು ರಂಗಕ್ಕೆ ತಂದಾಗ ಇಡೀ ರಾತ್ರಿ, ಸುಮಾರು 9 ಗಂಟೆ ಹಿಡಿಯಿತು. ಪಟ್ಟಿಯಲ್ಲಿ ಅದೂ ಒಂದೇ, ತೆಳ್ಳಗಿನ ಕವನ ಸಂಕಲನವೂ ಒಂದೇ. ಇದು ಸರಿಯಲ್ಲ, ಅಲ್ವಾ? ಪುಟಗಳನ್ನೂ ಪಕ್ಕದಲ್ಲಿ ಬರೆದುಬಿಡಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅರ್ಧಕ್ಕೆ ಬಿಟ್ಟವುಗಳ ಪಟ್ಟಿ. ಎಲ್ಲಿ ನಿಲ್ಲಿಸಿದೆ, ಯಾಕೆ ಅಂತ ಒಂದು ಸಾಲು. ‘142ನೇ ಪುಟ, ಅಕ್ಷರ ಸಣ್ಣದು’ ಅಂತ ಬರೆದಿದ್ದೆ. ವರ್ಷದ ಕೊನೆಗೆ ತಿರುವಿ ಹಾಕಿದರೆ, ಬಿಟ್ಟ ಆರರಲ್ಲಿ ನಾಲ್ಕಕ್ಕೆ ಅದೇ ಕಾರಣ! ಮರುವಾರವೇ ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸಿ, ಕನ್ನಡಕದ ನಂಬರ್ ಬದಲಾಯಿಸಿಕೊಂಡು ಬಂದೆ. ಆ ನಾಲ್ಕರಲ್ಲಿ ಎರಡನ್ನು ಈಗ ಮುಗಿಸಿದ್ದೇನೆ.