ಕಟಕಟೆಗೆ ಬಾಯಿಪಾಠ ಮಾಡಿಕೊಂಡು ಹೋಗಬೇಡಿ

ಕಾಕಾನ ಹೊಲದ ದಾವೆಯಲ್ಲಿ ಸಿಂಧನೂರಿನ ಸಿವಿಲ್ ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಹೋಗಬೇಕಾಗಿದೆ, ತಡವರಿಸದಂತೆ ಉತ್ತರಗಳನ್ನು ಹೇಗೆ ಬಾಯಿಪಾಠ ಮಾಡಲಿ ಎಂದು ಕೇಳಿದ್ದೀರಿ. ಬಾಯಿಪಾಠ ಬೇಡವೇ ಬೇಡ. ಗಂಗಾವತಿಯಲ್ಲಿ ನಾನು ಅದೇ ಸಿದ್ಧತೆಯಿಂದ ಕಟಕಟೆ ಹತ್ತಿದವನು.

ನಮ್ಮದು ಹೊಲಕ್ಕೆ ಹೋಗುವ ಬಂಡಿದಾರಿಯ ತಕರಾರು. ದೊಡ್ಡಪ್ಪನ ಮಗ ವಾದಿ, ನಾನು ಅವನ ಪರ ಸಾಕ್ಷಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 2002ರ ತಿದ್ದುಪಡಿಯ ನಂತರ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆಯು, ಅಂದರೆ ಸಾಕ್ಷಿಯು ತನ್ನನ್ನು ಕರೆಸಿದ ಪಕ್ಷದ ಪರ ಹೇಳುವ ಮಾತು, ಅಫಿಡವಿಟ್ಟಿನ (ಪ್ರಮಾಣ ಮಾಡಿ ಸಹಿ ಹಾಕಿದ ಬರಹದ) ಮೂಲಕವೇ ನಡೆಯುವುದರಿಂದ, ಸಾಕ್ಷಿಯು ಕಟಕಟೆಯಲ್ಲಿ ಬಾಯಿ ತೆರೆಯುವುದು ಹೆಚ್ಚಾಗಿ ಪಾಟೀ ಸವಾಲಿಗೇ, ಅಂದರೆ ಎದುರು ವಕೀಲರ ಪ್ರಶ್ನೆಗಳಿಗೇ. ನಾನು ಉರುಹೊಡೆದದ್ದು ಅಫಿಡವಿಟ್ಟಿನ ಸಾಲುಗಳನ್ನು. ಎದುರು ವಕೀಲರು ಕೇಳಿದ್ದು ದಾರಿಯ ಅಗಲವನ್ನು. ಎದುರುಬದುರು ಬಂಡಿ ಬಂದರೆ ಒಂದು ಬಂಡಿ ಜಾಲಿಗಿಡದ ಪಕ್ಕಕ್ಕೆ ಸರಿದು ನಿಲ್ಲಬೇಕೆಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಆದರೆ ಆ ದಾರಿಯನ್ನು ನಾನು ಎಂದೂ ಅಳೆದಿರಲಿಲ್ಲ. "ಅಳತೆ ಮಾಡಿಲ್ಲ" ಎಂದಿದ್ದರೆ ಸಾಕಾಗಿತ್ತು. ಎಲ್ಲಕ್ಕೂ ಉತ್ತರ ಕಲಿತು ಹೋದವನಿಗೆ ಉತ್ತರವಿಲ್ಲದ ಪ್ರಶ್ನೆ ಬಂದರೆ ಸುಮ್ಮನಿರಲು ಮನಸ್ಸೇ ಬರುವುದಿಲ್ಲ. ಸುಮ್ಮನಾದರೆ ಸುಳ್ಳುಸಾಕ್ಷಿ ಎಂದುಕೊಂಡಾರು ಎಂಬ ಭಯವೂ ಸೇರಿ, ಕಂಬಿ ಬಿಗಿಹಿಡಿದು "15 ಅಡಿ" ಎಂದುಬಿಟ್ಟೆ. ನ್ಯಾಯಾಧೀಶರು ಬರೆಸಿದರು, ಬೆರಳಚ್ಚಾಯಿತು. ಮುಂದೆ ಸ್ಥಳ ನೋಡಿ ವರದಿ ಕೊಡಲು ನ್ಯಾಯಾಲಯ ನೇಮಿಸಿದ ಕೋರ್ಟ್ ಕಮಿಷನರ್ ಬಂದು ಅಳೆದಾಗ ಸಿಕ್ಕಿದ್ದು 8 ಅಡಿ. ಅಗಲವೊಂದನ್ನೇ ಅಲ್ಲ, ಆ ದಾರಿಯಲ್ಲಿ ನಮ್ಮ ಅಜ್ಜನ ಕಾಲದಿಂದ ಬಂಡಿ ಓಡಾಡಿವೆ ಎಂದು ನಾನು ಹೇಳಿದ್ದ ನಿಜವನ್ನೂ ತೀರ್ಪಿನಲ್ಲಿ ನಂಬಲಿಲ್ಲ. ನಮ್ಮ ದಾವೆ ವಜಾ ಆಯಿತು.

ಆದ್ದರಿಂದ ತಡವರಿಸುವುದು ದೋಷವೆಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಅಂದಾಜಿನಲ್ಲಿ ಹೇಳುವುದು ದೋಷ. ಅಫಿಡವಿಟ್ಟಿಗೆ ಸಹಿ ಹಾಕುವ ಮೊದಲು ಅರ್ಥಮಾಡಿಕೊಂಡು ಓದಿ, ನಿಮಗೆ ಸ್ವತಃ ಗೊತ್ತಿಲ್ಲದ ಮಾತು ಅದರಲ್ಲಿದ್ದರೆ ವಕೀಲರಿಗೆ ಹೇಳಿ ತೆಗೆಸಿ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿಸಿಕೊಳ್ಳಿ, ಉತ್ತರವನ್ನು ನ್ಯಾಯಾಧೀಶರ ಕಡೆ ತಿರುಗಿ ಹೇಳಿ. ಘಟನೆ ನಡೆದ ಹೊತ್ತಿನಲ್ಲೇ ನೀವು ಬರೆದಿಟ್ಟ ಟಿಪ್ಪಣಿ ಇದ್ದರೆ, ನೆನಪಿಗಾಗಿ ಕಟಕಟೆಯಲ್ಲೇ ಅದನ್ನು ನೋಡಿಕೊಳ್ಳಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಿಂದಿನಂತೆಯೇ ಅವಕಾಶವಿದೆ. ಎದುರು ವಕೀಲರು ಕೇಳಿದರೆ ಅದನ್ನು ತೋರಿಸಬೇಕಾಗುತ್ತದೆ. ಕೊನೆಗೆ ನಿಮ್ಮ ಹೇಳಿಕೆಯನ್ನು ಓದಿಹೇಳುವಾಗ ಮನೆಗೆ ಹೋಗುವ ಆತುರ ಮಾಡದೆ ಪೂರ್ತಿ ಕೇಳಿ, ನೀವು ಆಡದ ಮಾತು ದಾಖಲಾಗಿದ್ದರೆ ಸಹಿಗೆ ಮುನ್ನವೇ ನ್ಯಾಯಾಧೀಶರ ಗಮನಕ್ಕೆ ತನ್ನಿ.