ಬದಲಿಸಲಿ, ಆದರೆ ಗೋಲ್‌ಕೀಪರ್‌ನಿಂದ ಶುರುವಾಗಲಿ

ಹತ್ತು-ಹನ್ನೊಂದನೇ ಸ್ಥಾನದಲ್ಲೇ ನಿಂತಿರುವ ನಿಮ್ಮ ಮೆಚ್ಚಿನ ಫುಟ್‌ಬಾಲ್ ಕ್ಲಬ್ ಉದ್ದ ಚೆಂಡಿನ ಆಟ (ಚೆಂಡನ್ನು ದೂರ ಮುಂದಕ್ಕೆ ಒದೆಯೋದು) ಬಿಟ್ಟು, ತನ್ನ ಗೋಲಿನ ಹತ್ತಿರದಿಂದಲೇ ಸಣ್ಣ ಪಾಸ್ ಆಡಬೇಕಾ ಅಂತ ಕೇಳಿದ್ದೀರಿ. ಆಡಲಿ. ಆದರೆ ಇರುವ ಆಟಗಾರರನ್ನು ನೋಡಿಕೊಂಡು.

ನಾನು ಕಲಬುರಗಿಯ ಎನ್.ವಿ. ಮೈದಾನದಲ್ಲಿ ಆಡಿದವನು. ಏಪ್ರಿಲ್ ಬಿಸಿಲಿಗೆ ನೆಲ ಕಲ್ಲಾಗಿರುತ್ತದೆ. ಒಮ್ಮೆ ನಮ್ಮ ತಂಡವೂ ಟಿ.ವಿ. ನೋಡಿ ಸಣ್ಣ ಪಾಸ್ ಶುರು ಮಾಡಿತು. ನಾನು ಹಿಂದಕ್ಕೆ ಕೊಟ್ಟ ಚೆಂಡು ಪುಟಿದು ಗೋಲ್‌ಕೀಪರ್ ಮೊಣಕಾಲಿಗೆ ಬಡಿಯಿತು, ನೇರ ಎದುರಾಳಿಯ ಕಾಲಿಗೆ ಹೋಯಿತು. ಗೋಲ್! ಪಾಪ, ನಮ್ಮ ಗೋಲ್‌ಕೀಪರ್ ತಪ್ಪೇನಿಲ್ಲ. ಜೋರಾಗಿ ಒದೆಯೋದನ್ನು ಬಿಟ್ಟು ಅವನಿಗೆ ಬೇರೇನೂ ಯಾರೂ ಕಲಿಸಿರಲಿಲ್ಲ.

ದೊಡ್ಡವರಿಗೂ ಇದೇ ಕಷ್ಟ. ಇಂಗ್ಲೆಂಡಿನ ಕ್ಲಬ್ ಕ್ರಿಸ್ಟಲ್ ಪ್ಯಾಲೇಸ್ 2017ರಲ್ಲಿ ಫ್ರಾಂಕ್ ಡಿ ಬೋರ್ ಅವರನ್ನು ಕೋಚ್ ಆಗಿ ತಂದು ಆಟ ಬದಲಿಸಲು ಹೊರಟಿತು. ಲೀಗಿನ ಮೊದಲ 4 ಪಂದ್ಯ ಸೋತಿತು, ಒಂದು ಗೋಲೂ ಬರಲಿಲ್ಲ. 77 ದಿನಕ್ಕೇ ಅವರನ್ನು ತೆಗೆದರು. ಅದೇ ಲೀಗಿನ ಬ್ರೈಟನ್ 2019ರಲ್ಲಿ ಗ್ರಹಾಂ ಪಾಟರ್ ಅವರನ್ನು ಕೋಚ್ ಆಗಿ ತಂದು ಕಾಯಿತು. ಮೊದಲ ಎರಡು ಸೀಸನ್ 15, 16ನೇ ಸ್ಥಾನ. ಮೂರನೆಯದರಲ್ಲಿ 9. ಆ ಎರಡು ವರ್ಷ ತಾಳ್ಮೆ ಇಟ್ಟುಕೊಳ್ಳೋದೇ ಜಾಸ್ತಿ ಕಷ್ಟ, ಅಲ್ವಾ?

ಉದ್ದ ಚೆಂಡನ್ನೂ ಪೂರ್ತಿ ಬಿಡೋದು ಬೇಡ. ಎದುರಾಳಿಗಳು ಮೇಲೆ ಬಿದ್ದಾಗ ಅದೇ ದಾರಿ. ಮುಂದಿನ ಪಂದ್ಯದಲ್ಲಿ ಒಂದನ್ನು ಗಮನಿಸಿ: ಒಬ್ಬ ಫಾರ್ವರ್ಡ್ ಓಡಿ ಬಂದಾಗ ನಿಮ್ಮ ಗೋಲ್‌ಕೀಪರ್ ತಲೆ ಎತ್ತಿ ನೋಡುತ್ತಾರಾ, ಸುಮ್ನೆ ಒದ್ದುಬಿಡುತ್ತಾರಾ?