ಸಂಸಾರ ಕೆನಡಾದಲ್ಲಿ, ನಾನು ದುಬೈನಲ್ಲಿ: ನನ್ನ ಪಿಆರ್ ಉಳಿಯುತ್ತದಾ?

ನಿಮಗೆಲ್ಲ ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ನೆಲೆಸುವ ಹಕ್ಕು, ಸಿಕ್ಕಿ ಎರಡು ವರ್ಷ. ಹೆಂಡತಿ ಮಕ್ಕಳು ಬ್ರಾಂಪ್ಟನ್‌ನಲ್ಲಿ, ನೀವು ದುಬೈ ಕೆಲಸ ಬಿಡದೆ ರಜೆಗೆ ಮಾತ್ರ ಹೋಗಿ ಬರುತ್ತಿದ್ದೀರಿ. ಸಂಸಾರ ಅಲ್ಲೇ ಇರುವಾಗ ನನ್ನ ಪಿಆರ್ ಯಾಕೆ ಹೋಗುತ್ತದೆ ಅಂತ ಕೇಳಿದ್ದೀರಿ.

ಹೋಗಬಹುದು ಸರ್. ನಾನು ಇದೇ ಕಥೆಯ ಇನ್ನೊಂದು ತುದಿಯಲ್ಲಿರುವವಳು: ಮಕ್ಕಳ ಜೊತೆ ನಾನು ಮಿಸಿಸಾಗಾದಲ್ಲಿ, ನಮ್ಮವರು ಅಬುಧಾಬಿಯಲ್ಲಿ. ಇಲ್ಲಿಯ ಅಂಗಡಿಯಲ್ಲಿ ಕುಚ್ಚಲಕ್ಕಿ ಹುಡುಕುವಾಗ ಮಾತಿಗೆ ಸಿಗುವ ಮಂಗಳೂರು, ಉಡುಪಿ ಕಡೆಯ ಹೆಂಗಸರಲ್ಲಿ "ಇವರು ಇನ್ನೂ ಗಲ್ಫಲ್ಲೇ" ಅನ್ನುವವರು ಬೇಕಾದಷ್ಟು ಜನ.

ಇಮಿಗ್ರೇಷನ್‌ನವರಿಗೆ ಲೆಕ್ಕ ತಲೆತಲೆಗೂ ಬೇರೆ. ಐದು ವರ್ಷದಲ್ಲಿ 730 ದಿನ ನೀವೇ ಕೆನಡಾದ ನೆಲದ ಮೇಲೆ ಇರಬೇಕು. ಒಟ್ಟಿಗೆ ಇರಬೇಕಂತಿಲ್ಲ, ಬಂದ ದಿನ ಹೋದ ದಿನ ಎರಡೂ ಸೇರುತ್ತವೆ. ಮೊದಲ ಐದು ವರ್ಷ ಪಿಆರ್ ಆದ ದಿನದಿಂದ ಎಣಿಕೆ. ಆಮೇಲೆ ಅವರು ಯಾವತ್ತು ಪರಿಶೀಲಿಸುತ್ತಾರೋ ಅವತ್ತಿನಿಂದ ಹಿಂದಕ್ಕೆ ಐದು ವರ್ಷ. ಅಂದರೆ ಹೊರಗಿರಲು ನಿಮಗಿರುವುದು ಒಟ್ಟು ಮೂರು ವರ್ಷ, ಅದರಲ್ಲಿ ಎರಡು ಹೆಚ್ಚುಕಮ್ಮಿ ಮುಗಿದಿದೆ.

ಹೆಂಡತಿ ಸಿಟಿಜನ್ ಆದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದ್ದಾರೆ ಅಂದಿರಿ. ಅರ್ಧ ನಿಜ. ಕೆನಡಾ ಪ್ರಜೆಯಾದ ಸಂಗಾತಿಯ ಜೊತೆ ಹೊರದೇಶದಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರುತ್ತವೆ, ಆದರೆ ಒಟ್ಟಿಗೆ ಇದ್ದರೆ ಮಾತ್ರ. ಅವರು ಬ್ರಾಂಪ್ಟನ್, ನೀವು ದುಬೈ ಅಂದರೆ ಒಂದು ದಿನವೂ ಸಿಗುವುದಿಲ್ಲ. ಕೆನಡಾದ ಕಂಪನಿಯೇ ಹೊರಗೆ ಕಳಿಸಿದ್ದರೆ ಇನ್ನೊಂದು ವಿನಾಯಿತಿ ಇದೆ; ಅದಕ್ಕೋಸ್ಕರ ಹೆಸರಿಗೊಂದು ಕಂಪನಿ ಮಾಡಿಕೊಡುತ್ತೇವೆ ಅನ್ನುವವರನ್ನು ದೂರವಿಡಿ. ಅಂಥ ಕಂಪನಿಗಳನ್ನು ನಿಯಮದಲ್ಲೇ ಹೊರಗಿಟ್ಟಿದ್ದಾರೆ.

ದಾಖಲೆ ಈಗಿನಿಂದಲೇ ಇಟ್ಟುಕೊಳ್ಳಿ. ದುಬೈ, ಅಬುಧಾಬಿಯ ಸ್ಮಾರ್ಟ್ ಗೇಟ್‌ನಲ್ಲಿ ದಾಟಿದರೆ ಪಾಸ್‌ಪೋರ್ಟಿಗೆ ಸೀಲು ಬೀಳುವುದಿಲ್ಲ. ಹಾಗಾಗಿ ನಮ್ಮವರು ಇಲ್ಲಿಯ ಪಿಯರ್ಸನ್ ವಿಮಾನ ನಿಲ್ದಾಣದಿಂದ ಮನೆಗೆ ಬಂದು ಶೂ ಬಿಚ್ಚುವ ಮೊದಲೇ ನಾನು ಬೋರ್ಡಿಂಗ್ ಪಾಸ್ ಇಸಕೊಂಡು, ಹಿಂದೆ ತಾರೀಕು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ. ಅವರಿಗೆ ನಗು. ನಗಲಿ, ಪಿಆರ್ ಕಾರ್ಡ್ ರಿನ್ಯೂ ಮಾಡುವ ಅರ್ಜಿಯಲ್ಲಿ ಐದು ವರ್ಷದ ಓಡಾಟ ತುಂಬಬೇಕಾದವರು ಅವರೇ.

ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಆದರೆ ಚಾಲ್ತಿ ಕಾರ್ಡಿಲ್ಲದೆ ವಿಮಾನ ಹತ್ತಿಸುವುದಿಲ್ಲ, ಹೊರಗಿನಿಂದ ಪಿಆರ್ ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಬೇಕು, ನಿಮ್ಮ 730 ದಿನ ಆಗಿದೆಯಾ ಅಂತ ಅವರು ಎಣಿಸುವುದು ಅಲ್ಲಿ ಶುರು. ನಿರಾಕರಿಸಿದರೆ ಅಪೀಲಿಗೆ 60 ದಿನ ಇರುತ್ತದೆ. ಮಾನವೀಯ ಕಾರಣಗಳನ್ನೂ ನೋಡುತ್ತಾರೆ, ಮಕ್ಕಳ ಹಿತವನ್ನು ಗಮನಿಸಬೇಕೆಂದು ಕಾನೂನೇ ಹೇಳುತ್ತದೆ. ಆದರೆ "ಅಲ್ಲಿ ಸಂಬಳ ಜಾಸ್ತಿ" ಅನ್ನುವ ಕಾರಣವನ್ನೇ ನಂಬಿ ಕೂರಬೇಡಿ. ಒಂದು ವೇಳೆ ಪಿಆರ್ ಹೋಗೇಬಿಟ್ಟರೂ ಕೆನಡಾದಲ್ಲಿರುವ ಹೆಂಡತಿ ನಿಮ್ಮನ್ನು ಮತ್ತೆ ಸ್ಪಾನ್ಸರ್ ಮಾಡಬಹುದು. ಫೀಸು, ಫಾರ್ಮು, ಕಾಯುವುದು ಎಲ್ಲ ಮೊದಲಿಂದ.

ನೀವು ಕೇಳದೇ ಇರುವ ಒಂದು ವಿಷಯ ಹೇಳಲೇಬೇಕು. ಇಮಿಗ್ರೇಷನ್‌ನವರು ಲೆಕ್ಕಕ್ಕೇ ತೆಗೆದುಕೊಳ್ಳದ ನಿಮ್ಮ ಸಂಸಾರವನ್ನು ತೆರಿಗೆಯವರು ಮೊದಲು ನೋಡುತ್ತಾರೆ. ಮನೆ, ಹೆಂಡತಿ, ಮಕ್ಕಳು ಈ ಮೂರೂ ಇಲ್ಲಿದ್ದರೆ ನಿಮ್ಮನ್ನು ತೆರಿಗೆ ಮಟ್ಟಿಗೆ ಕೆನಡಾ ನಿವಾಸಿ ಎಂದೇ ಹಿಡಿಯಬಹುದು. ಆಗ ಅಲ್ಲಿ ತೆರಿಗೆಯಿಲ್ಲದೆ ಕೈಗೆ ಬರುವ ದಿರ್ಹಮ್ ಇಲ್ಲಿ ಆದಾಯ. ಮಕ್ಕಳಿಗೆ ಬರುವ ಚೈಲ್ಡ್ ಬೆನಿಫಿಟ್ ಹಣಕ್ಕೂ ನಿಮ್ಮ ದುಬೈ ಸಂಬಳ ತೋರಿಸಬೇಕು. ತೋರಿಸದೆ ತಗೊಂಡ ದುಡ್ಡನ್ನು ವಾಪಸ್ ಕೇಳುವ ಪತ್ರ ಬರುವುದು ಹೆಂಡತಿಯ ಹೆಸರಿಗೆ, ನಿಮ್ಮ ಹೆಸರಿಗಲ್ಲ. ಎರಡೂ ದೇಶದ ತೆರಿಗೆ ಬಲ್ಲ ಅಕೌಂಟೆಂಟ್ ಒಬ್ಬರನ್ನು ಇಲ್ಲಿ ತೆರಿಗೆ ರಿಟರ್ನ್ ಹಾಕುವ ಏಪ್ರಿಲ್ 30ರ ಗಡುವಿಗೆ ಮೊದಲು ಕಾಣಿ, ಮನೆಯವರನ್ನೂ ಆ ಮಾತುಕತೆಗೆ ಕೂರಿಸಿಕೊಳ್ಳಿ.